ಡೇಗಾನಾದ ಟಂಗ್‌ಸ್ಟನ್ ಗಣಿ: ಶಿಲೆ, ಯುದ್ಧ ಮತ್ತು ಮಾರುಕಟ್ಟೆ

ರಾಜಸ್ಥಾನದ ನಾಗೌರ್ ಜಿಲ್ಲೆಯ ಡೇಗಾನಾ ರೈಲು ಜಂಕ್ಷನ್ನಿನ ಬಳಿ, ಥಾರ್ ಮರುಭೂಮಿಯ ಪೂರ್ವದಂಚಿನ ಮರಳುಬಯಲಿನಲ್ಲಿ ರೇವತ್ ಎಂಬ ಸಣ್ಣ ಗುಡ್ಡವಿದೆ. ಟಂಗ್‌ಸ್ಟನ್ನಿನ ಮುಖ್ಯ ಅದಿರಾದ ವುಲ್ಫ್ರಮೈಟನ್ನು ಭಾರತದಲ್ಲಿ ತೆಗೆದ ಕೆಲವೇ ತಾಣಗಳಲ್ಲಿ ಇದು ಪ್ರಮುಖವಾದುದು. ಈ ಗಣಿ ತೆರೆದದ್ದೂ ಮುಚ್ಚಿದ್ದೂ ಶಿಲೆಯ ಸತ್ವಕ್ಕಿಂತ ಹೆಚ್ಚಾಗಿ ಯುದ್ಧ ಹಾಗೂ ಆಮದಿನ ಬೆಲೆಯನ್ನು ಅನುಸರಿಸಿ ಎಂಬುದು ಇದರ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.

ಕೇಂಬ್ರಿಯನ್ ಪೂರ್ವಕಾಲದಲ್ಲಿ ಇಲ್ಲಿನ ಹಳೆಯ ಫಿಲೈಟ್ ಶಿಲೆಗಳೊಳಕ್ಕೆ ಗ್ರಾನೈಟ್ ದ್ರವರೂಪದಲ್ಲಿ ನುಗ್ಗಿತು. ಅದು ಗಟ್ಟಿಯಾಗುವ ಕೊನೆಯ ಹಂತದಲ್ಲಿ ಉಳಿದ ಬಿಸಿ ದ್ರಾವಣಗಳು ಬಿರುಕುಗಳಲ್ಲಿ ಹರಿದು ಬೆಣಚುಕಲ್ಲಿನ ಎಳೆಗಳಾದವು. ವುಲ್ಫ್ರಮೈಟ್ ಈ ಎಳೆಗಳಲ್ಲಿ ಫ್ಲೋರೈಟ್, ಟೋಪಾಜ್ ಮತ್ತು ಲಿಥಿಯಂಯುಕ್ತ ಅಭ್ರಕಗಳೊಡನೆ ದೊರೆಯುತ್ತದೆ. ಶಿಲೆ ಸವೆದು ಉದುರಿದ್ದರಿಂದ ತಪ್ಪಲಿನ ಗರಸಿನಲ್ಲಿಯೂ ಅದಿರು ಸೇರಿಕೊಂಡಿದೆ.

ಎಳೆಗಳು ತೆಳುವಾಗಿದ್ದು, ಅದಿರು ಅವುಗಳಲ್ಲಿ ಸಮನಾಗಿ ಹರಡಿಲ್ಲ. ಆದ್ದರಿಂದ ಅಲ್ಪ ಲೋಹಕ್ಕಾಗಿ ಅಪಾರ ಕಲ್ಲನ್ನು ಒಡೆಯಬೇಕಾಗುತ್ತದೆ. ವುಲ್ಫ್ರಮೈಟಿನ ಸಾಪೇಕ್ಷ ಸಾಂದ್ರತೆ 7ಕ್ಕೂ ಹೆಚ್ಚು, ಬೆಣಚುಕಲ್ಲಿನದು ಸುಮಾರು 2.65. ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಅಲುಗಿಸಿದಾಗ ಭಾರವಾದ ಕಣಗಳು ಬೇರ್ಪಡುತ್ತವೆ. ದುರ್ಬಲ ಕಾಂತಗುಣವಿರುವುದರಿಂದ ಕಾಂತದ ನೆರವಿನಿಂದಲೂ ಅವನ್ನು ಶುದ್ಧಗೊಳಿಸಬಹುದು. ನೀರೇ ದುರ್ಲಭವಾದ ಮಾರವಾಡದಲ್ಲಿ ಈ ಕ್ರಮವು ಸುಲಭಸಾಧ್ಯವಲ್ಲ.

ಟಂಗ್‌ಸ್ಟನ್ ಬೆರೆಸಿದ ಉಕ್ಕಿನ ಉಪಕರಣಗಳು ಕೆಂಪಗೆ ಕಾದರೂ ಹರಿತ ಕಳೆದುಕೊಳ್ಳುವುದಿಲ್ಲ. ಶಸ್ತ್ರ ತಯಾರಿಕೆಗೆ ಅವು ಅನಿವಾರ್ಯ. 1914ಕ್ಕೆ ಮುಂಚೆ ಬರ್ಮಾದ ತವೋಯ್ ಪ್ರದೇಶದ ಅದಿರು ಬಹುಮಟ್ಟಿಗೆ ಜರ್ಮನಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧವು ಬ್ರಿಟಿಷರಿಗೆ ಈ ಅವಲಂಬನೆಯ ಅಪಾಯವನ್ನು ಮನಗಾಣಿಸಿತು. ಜೋಧಪುರ ಸಂಸ್ಥಾನಕ್ಕೆ ಸೇರಿದ್ದ ಡೇಗಾನಾದ ಅದಿರು ಬೆಳಕಿಗೆ ಬಂದದ್ದು ಆ ಕಾಲದಲ್ಲಿಯೇ. ಶಾಂತಿ ಮರಳಿದಾಗ ಕೆಲಸ ಕುಗ್ಗಿತು. 1942ರಲ್ಲಿ ಜಪಾನ್ ಬರ್ಮಾವನ್ನು ಆಕ್ರಮಿಸಿದಾಗ ಅಲ್ಲಿನ ಅದಿರಿನ ದಾರಿ ಮುಚ್ಚಿತು. ದ್ವಿತೀಯ ಮಹಾಯುದ್ಧದ ಆ ವರ್ಷಗಳಲ್ಲಿ ರೇವತ್ ಗುಡ್ಡಕ್ಕೆ ಮತ್ತೆ ಬೆಲೆ ಬಂದಿತು. ಸ್ವಾತಂತ್ರ್ಯಾನಂತರವೂ ನಡೆದ ಗಣಿಗಾರಿಕೆ 1990ರ ದಶಕದ ಆರಂಭದಲ್ಲಿ, ಚೀನಾದ ಅಗ್ಗದ ಟಂಗ್‌ಸ್ಟನ್ನಿನ ಎದುರು ನಿಲ್ಲಲಾರದೆ ಕೊನೆಗೊಂಡಿತು.

ಕರ್ನಾಟಕಕ್ಕೂ ಈ ಪ್ರಶ್ನೆ ಹೊರತಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಸೈನೈಡ್ ಗುಡ್ಡಗಳಲ್ಲಿ ಟಂಗ್‌ಸ್ಟನ್ನಿನ ಇನ್ನೊಂದು ಅದಿರಾದ ಶೀಲೈಟ್ ಇದೆ. 2023ರಲ್ಲಿ ಕೇಂದ್ರ ಗಣಿ ಸಚಿವಾಲಯ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಟಂಗ್‌ಸ್ಟನ್ ಸೇರಿದೆ. ಬಳಕೆ ತಪ್ಪಿದ ಗಣಿಯಲ್ಲಿ ಅದಿರು ಉಳಿದೀತು. ಎಳೆಯ ಜಾಡು ಹಿಡಿದು ಕಲ್ಲೊಡೆಯಬಲ್ಲ ಅನುಭವ ಒಂದು ತಲೆಮಾರಿನೊಡನೆ ಅಳಿಯುತ್ತದೆ. ಕೊರತೆ ಬಂದಾಗ ತೆರೆದು, ಅಗ್ಗವಾದಾಗ ಮುಚ್ಚುವ ನೀತಿಗೆ ತೆರಬೇಕಾದ ನಿಜವಾದ ಬೆಲೆ ಇದೇ ಎಂಬುದನ್ನು ಡೇಗಾನಾದ ಇತಿಹಾಸವು ಮನವರಿಕೆ ಮಾಡಿಕೊಡುತ್ತದೆ.