ಮಂಗಳೂರು ಬಂದರಿನ ದ್ವೀಪದ ಓಡಗಳು

ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಎಂಬ ಐದು ಹವಳದ್ವೀಪಗಳಿಗೆ ಒಟ್ಟಾಗಿ ಅಮಿನಿದೀವಿ ಎಂದು ಹೆಸರು. ಮಂಗಳೂರಿನಿಂದ ನೈಋತ್ಯಕ್ಕೆ 300 ಕಿಲೋಮೀಟರ್ ಆಸುಪಾಸಿನಲ್ಲಿರುವ ಇವು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಅಮಿನಿಯ ಜನ 1780ರ ದಶಕದಲ್ಲಿ ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಮಂಗಳೂರಿನಿಂದಲೇ ಆಳಲ್ಪಟ್ಟವು. ಅಮಿನಿಯಲ್ಲಿ ಸರ್ಕಾರದ ಪರವಾಗಿ ಇದ್ದವನು ಮೊನೆಗಾರ.

ಮಂಗಳೂರಿನ ನಂಟು ಗಟ್ಟಿಯಾದದ್ದು ಅಕ್ಕಿಯಿಂದ. ಮರಳುನೆಲದ ದ್ವೀಪಗಳಲ್ಲಿ ತೆಂಗು ಹುಲುಸಾಗಿ ಬೆಳೆಯುತ್ತದೆ, ಭತ್ತಕ್ಕೆ ನೆಲೆಯಿಲ್ಲ. ತೆಂಗಿನ ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು: ದ್ವೀಪದವರು ತಂದ ಹುರಿಯನ್ನು ನಿಗದಿತ ದರಕ್ಕೆ ಕೊಂಡು, ಬೆಲೆಯ ಒಂದು ಭಾಗವನ್ನು ಅಕ್ಕಿಯಾಗಿ ಕೊಡುತ್ತಿದ್ದರು. ಹುರಿಗೆ ಪೇಟೆಯಲ್ಲಿ ಸಿಗುತ್ತಿದ್ದ ಹೆಚ್ಚಿನ ಬೆಲೆ ಸರ್ಕಾರದ ಬೊಕ್ಕಸಕ್ಕೆ. ಕಂದಾಯವೆಂದರೆ ಬಹುಮಟ್ಟಿಗೆ ಇದೇ. ದ್ವೀಪದವರಿಗೆ ಇದು ನ್ಯಾಯವೆನಿಸಲು ಕಾರಣವೇನೂ ಇರಲಿಲ್ಲ.

ಈ ಹುರಿಯನ್ನು ಹೊತ್ತು ಬರುತ್ತಿದ್ದ ಹಾಯಿಹಡಗೇ ಓಡ. ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ಮೊಳೆಯ ಬದಲು ನಾರಿನ ಹಗ್ಗದಿಂದಲೇ ಹೊಲಿದು ಬಿಗಿಯುತ್ತಿದ್ದರು. ಮೇಲೆ ಮೀನೆಣ್ಣೆ ಬಳಿಯುತ್ತಿದ್ದರು. ದಾರಿ ತೋರುವವನು ಮಾಲ್ಮಿ. ಗಂಟು ಹಾಕಿದ ದಾರವಿದ್ದ ಚಿಕ್ಕ ಹಲಗೆಯೊಂದು ಅವನ ಸಾಧನ. ಹಲಗೆಯ ಕೆಳಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವನಕ್ಷತ್ರಕ್ಕೂ ಹೊಂದಿಸಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ, ಕಚ್ಚಿದ ಗಂಟು ಯಾವುದೆಂಬುದರಿಂದ ತಾನು ಉತ್ತರಕ್ಕೆ ಎಷ್ಟಿದ್ದೇನೆಂದು ತಿಳಿಯುತ್ತಿತ್ತು. ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ದ್ವೀಪ ದೂರದಿಂದ ಕಾಣುವಂಥದ್ದಲ್ಲ. ಲೆಕ್ಕ ತಪ್ಪಿದರೆ ಓಡ ಅದನ್ನು ದಾಟಿ ಬರಿಯ ಕಡಲಿಗೆ ಬೀಳುತ್ತಿತ್ತು.

ಓಡದಲ್ಲೇ ಸಂಸಾರ ಹೂಡುವ ರೂಢಿ ದ್ವೀಪದವರಲ್ಲಿ ಇರಲಿಲ್ಲ. ಹೆಂಗಸರು ಕಡಲು ದಾಟುವುದು ಅಪರೂಪ. ಆದರೂ ಮನೆಯ ಕಟ್ಟುಪಾಡಿಗೂ ಓಡದ ಬದುಕಿಗೂ ಚೆನ್ನಾಗಿ ಹೊಂದಿಕೆಯಿತ್ತು. ದ್ವೀಪದ ಮುಸ್ಲಿಮರಲ್ಲಿ ವಂಶ ತಾಯಿಯ ಕಡೆಯಿಂದ. ಮದುವೆಯಾದ ಮೇಲೂ ಹೆಂಡತಿ ತನ್ನ ತರವಾಡಿನಲ್ಲೇ, ಅಂದರೆ ತಾಯಿವಂಶದ ಕೂಡುಮನೆಯಲ್ಲೇ, ಉಳಿಯುತ್ತಿದ್ದಳು, ಗಂಡ ರಾತ್ರಿ ಅಲ್ಲಿಗೆ ಬಂದುಹೋಗುತ್ತಿದ್ದ. ಗಂಡಸರು ತಿಂಗಳುಗಟ್ಟಲೆ ಮಂಗಳೂರಿನಲ್ಲಿದ್ದರೂ ಮಕ್ಕಳ ಪಾಲನೆ ಕೆಡುತ್ತಿರಲಿಲ್ಲ. ತರವಾಡಿನ ಒಟ್ಟು ಆಸ್ತಿಗೆ ‘ಶುಕ್ರವಾರದ ಆಸ್ತಿ’ ಎಂದೂ ಸ್ವಯಾರ್ಜಿತಕ್ಕೆ ‘ಸೋಮವಾರದ ಆಸ್ತಿ’ ಎಂದೂ ಹೆಸರಿತ್ತು. ಮೊದಲನೆಯದು ತಾಯಿವಂಶದಲ್ಲಿ ಇಳಿಯುತ್ತಿತ್ತು, ಎರಡನೆಯದು ಇಸ್ಲಾಮಿನ ಕಾನೂನಿನಂತೆ ಹಂಚಿಕೆಯಾಗುತ್ತಿತ್ತು. ತೆಂಗಿನ ಸಿಪ್ಪೆಯನ್ನು ದ್ವೀಪದಂಚಿನ ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ, ಬಡಿದು, ನಾರು ಬಿಡಿಸಿ ಹುರಿ ಹೊಸೆಯುತ್ತಿದ್ದವರು ಹೆಂಗಸರೇ. ಹಾಗಾಗಿ ಮನೆಯಲ್ಲೇ ಉಳಿದವರ ದುಡಿಮೆಯೇ ಓಡದ ಮುಖ್ಯ ಸರಕು.

ಓಡದ ಒಳಗೂ ಮೇಲುಕೀಳು ಇತ್ತು. ಓಡಗಳ ಒಡೆತನ ಮೇಲುವರ್ಗದ ಕೋಯರದು, ನಡೆಸುವ ವಿದ್ಯೆ ಮಾಲ್ಮಿಗಳದು. ತೆಂಗಿನ ಮರ ಹತ್ತುತ್ತಿದ್ದ ಮೇಲಾಚೇರಿಗಳು ಒಡೆಯರ ಓಡದಲ್ಲಿ ಹುಟ್ಟು ಹಾಕಬೇಕಿತ್ತು, ಸ್ವಂತ ಓಡ ಇಟ್ಟುಕೊಳ್ಳುವಂತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಶುರುವಾದ ಓಡಾಟ ಮೇ ತಿಂಗಳಿಗೆ ಮುಗಿಯುತ್ತಿತ್ತು. ಮುಂಗಾರಿನಲ್ಲಿ ಓಡಗಳನ್ನು ದಡಕ್ಕೆಳೆದು ಗರಿ ಹೊದಿಸಿದ ಚಪ್ಪರದಡಿ ಇಡುತ್ತಿದ್ದರು. ತಂದ ಅಕ್ಕಿಯಲ್ಲೇ ಮಳೆಗಾಲ ಕಳೆಯಬೇಕಿತ್ತು.

1956ರ ನವೆಂಬರ್ 1ರಂದು ಈ ದ್ವೀಪಗಳು ನೆರೆಯ ದ್ವೀಪಗಳೊಂದಿಗೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು. ಪ್ರಯಾಣಿಕರ ಹಡಗುಗಳು ಬಂದ ಮೇಲೆ ಹಾಯಿಯ ಓಡಗಳು ಹಿಂದೆ ಸರಿದವು. ಮಂಗಳೂರಿನ ಹಳೆ ಬಂದರಿನಿಂದ ಈಗಲೂ ಎಂಜಿನ್ ಕೂರಿಸಿದ ಮಂಜಿ ಎಂಬ ಸರಕುದೋಣಿಗಳು ತರಕಾರಿ, ಸಿಮೆಂಟು, ದಿನಸಿ ತುಂಬಿಕೊಂಡು ದ್ವೀಪಗಳಿಗೆ ಹೋಗುತ್ತವೆ. ಮುಂಗಾರು ಬಂದರೆ ಅವೂ ನಿಲ್ಲುತ್ತವೆ.