ಪಿಂಗಾಣಿಯ ಬಿಳುಪು

ಐರೋಪ್ಯ ಪಿಂಗಾಣಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸ್ಯಾಕ್ಸನಿ ದೇಶದಿಂದ ಆರಂಭಿಸುವರು. ಚಿನ್ನವನ್ನು ಮಾಡಿಕೊಡುವೆನೆಂದು ಹೇಳಿ ಅರಸನ ಸೆರೆಗೆ ಬಿದ್ದ ಬ್ಯೋಟ್ಗರನು ವಿದ್ವಾಂಸನಾದ ಚಿರ್ನ್‌ಹೌಸನೊಡಗೂಡಿ ಚೀನೀಯರ ಗುಟ್ಟನ್ನು ಭೇದಿಸಿದುದೂ, 1710ರಲ್ಲಿ ಮೈಸೆನ್ ಕಾರ್ಖಾನೆಯು ಸ್ಥಾಪಿತವಾದುದೂ ರಸವತ್ತಾದ ಕಥೆಯೇ ಸರಿ. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್ ಪ್ರಾಂತದ ಕೂಲಿಗಳ ಕಥೆಯು ಅಷ್ಟು ಪ್ರಸಿದ್ಧವಲ್ಲ.

ಅಲ್ಲಿಯ ಸ್ಟೋಕ್ ಪಟ್ಟಣದಲ್ಲಿ 18ನೆಯ ಶತಮಾನದ ಕೊನೆಗೆ ಸ್ಪೋಡ್ ಮನೆತನದವರು ಹೊಸದೊಂದು ಪಾಕವನ್ನು ಹದಕ್ಕೆ ತಂದರು. ಸುಟ್ಟ ಎಲುಬಿನ ಬೂದಿ ಸುಮಾರು ಅರ್ಧಪಾಲು. ಉಳಿದರ್ಧದಲ್ಲಿ ಕಾರ್ನ್‌ವಾಲಿನ ಬಿಳಿಜೇಡಿಯೂ ಅಲ್ಲಿಯದೇ ಒಂದು ಬಗೆಯ ಕಲ್ಲೂ ಬೆರೆತಿದ್ದುವು. ಪಿಂಗಾಣಿಯನ್ನು ಮಡಿಯ ಅಡುಗೆಮನೆಗೆ ಸೇರಿಸದಿದ್ದ ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದರೋ! ಆ ತಟ್ಟೆಯನ್ನು ಬೆಳಕಿಗೆ ಹಿಡಿದರೆ ಹಿಂದಣ ಬೆರಳುಗಳ ನೆರಳು ತೋರುವುದಕ್ಕೆ ಎಲುಬಿನ ಬೂದಿಯೇ ಮುಖ್ಯ ಕಾರಣವು.

ಆದರೆ ಈ ಮಣ್ಣು ಮೊದಲ ಸುಡಿಗೆಯಲ್ಲಿ ಮೆತ್ತಗಾಗಿ ಸೊಟ್ಟಗಾಗುವುದು. ಆದಕಾರಣ ತಟ್ಟೆಗಳನ್ನು ಚಕಮಕಿಕಲ್ಲಿನ ನುಣ್ಣನೆಯ ಪುಡಿಯಲ್ಲಿ ಹುದುಗಿಸಿ ಆವಿಗೆಗೆ ಇಡುತ್ತಿದ್ದರು. ಸುಟ್ಟು ತೆಗೆದ ಮೇಲೆ ಅಂಟಿದ ಪುಡಿಯನ್ನು ಕುಂಚದಿಂದ ಉಜ್ಜಿ ಕೆಡಹುವ ಕೆಲಸವು ಹೆಂಗಸರ ಪಾಲಿನದು. ಆ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಕೆಲವು ವರ್ಷಗಳಲ್ಲಿಯೇ ಉಸಿರನ್ನು ಕಟ್ಟಿಸುತ್ತಿದ್ದಿತು. ಬಳಿಕ ತಟ್ಟೆಯನ್ನು ಹೊಳಪಿನ ದ್ರವದಲ್ಲಿ ಅದ್ದುವವನ ಸರದಿ. ಆ ದ್ರವದಲ್ಲಿ ಸೀಸವಿದ್ದಿತು. ದಿನವೆಲ್ಲ ಅದರಲ್ಲಿ ಕೈಯಾಡಿಸಿದವನ ಮಣಿಕಟ್ಟು ಸೋತು ಜೋಲುವುದು ಅಲ್ಲಿಯವರಿಗೆ ಪರಿಚಿತವಾದ ರೋಗವಾಗಿದ್ದಿತು. ಬಣ್ಣ ಬರೆಯುವವರದೂ, ಮಂಕಾಗಿ ಬಂದ ಚಿನ್ನದ ಅಂಚನ್ನು ಅಗೇಟು ಕಲ್ಲಿನಿಂದ ತಿಕ್ಕಿ ಮಿನುಗಿಸುವ ಹೆಂಗಸರದೂ ಇದರ ನಂತರದ ಕೆಲಸ. ಕೊಳ್ಳುವವರು ಮೆಚ್ಚುತ್ತಿದ್ದುದು ಇವರ ಕೈವಾಡವನ್ನೇ.

ಮಕ್ಕಳ ಪಾಡೋ? ಅದೇ ಪ್ರಾಂತದ ಟನ್‌ಸ್ಟಲ್ ಊರಿನ ಚಾರ್ಲ್ಸ್ ಷಾ ಎಂಬವನು ಏಳು ವರ್ಷದವನಾಗಿದ್ದಾಗಲೇ ಮಣ್ಣಿನ ತಟ್ಟೆಗಳ ಕಾರ್ಖಾನೆಗೆ ಸೇರಿದನು. ತಟ್ಟೆಯನ್ನು ಹೊತ್ತ ಅಚ್ಚುಗಳನ್ನು ಕಾದ ಕೋಣೆಗೆ ಓಡಿ ಒಯ್ಯುವುದು, ಓಡಿ ಹಿಂದಿರುಗುವುದು. ವಾರಕ್ಕೆ ಒಂದು ಷಿಲಿಂಗು. 1903ರಲ್ಲಿ ಪುಸ್ತಕವಾಗಿ ಪ್ರಕಟವಾದ ಅವನ ಬಾಲ್ಯದ ನೆನಪುಗಳನ್ನು ಕಾದಂಬರಿಕಾರನಾದ ಆರ್ನಲ್ಡ್ ಬೆನೆಟನು ತನ್ನ ಕೃತಿಯೊಂದರಲ್ಲಿ ಬಳಸಿಕೊಂಡನು.

1841ರಲ್ಲಿ ಸರಕಾರದ ವಿಚಾರಣಾಧಿಕಾರಿಯಾದ ಸ್ಕ್ರಿವೆನನು ಕಾರ್ಖಾನೆಗಳನ್ನು ಸುತ್ತಿ ಮಕ್ಕಳ ಹೇಳಿಕೆಗಳನ್ನೇ ಬರೆದುಕೊಂಡನು. ಕಾರ್ಖಾನೆಗಳ ಶಾಸನವು ಕುಂಬಾರಿಕೆಗೆ ಅನ್ವಯಿಸಿದುದು 1864ರಲ್ಲಿ, ಎಂದರೆ ಇಪ್ಪತ್ತಮೂರು ವರ್ಷಗಳ ತರುವಾಯ. ಈ ವಿಳಂಬಕ್ಕೆ ನಾವು ಯಾವ ಸಮಾಧಾನವನ್ನೂ ಕಾಣೆವು. ಸೀಸದ ವಿಷಯವಾಗಿ ಥಾರ್ಪ್ ಮತ್ತು ಆಲಿವರ್ ಎಂಬ ಪಂಡಿತರು 1899ರಲ್ಲಿ ವರದಿಯನ್ನೊಪ್ಪಿಸಿದರು. ಚಕಮಕಿಯ ಪುಡಿಗೆ ಬದಲಾಗಿ ನಿರಪಾಯಕರವಾದ ಅಲ್ಯೂಮಿನವು ಬಳಕೆಗೆ ಬಂದುದಂತೂ 20ನೆಯ ಶತಮಾನದ ನಡುಗಾಲಕ್ಕೆ; ಅಷ್ಟು ಹೊತ್ತಿಗೆ ಸ್ಪೋಡರ ಪಾಕಕ್ಕೆ ನೂರೈವತ್ತು ವರ್ಷ ತುಂಬುತ್ತ ಬಂದಿದ್ದಿತು.