ಎರಡು ಅಂಕಿಗಳ ಉಳಿತಾಯ

ನೋಟ್ ಪುಸ್ತಕದಲ್ಲಿ ತಾರೀಖು ಬರೆಯುವಾಗ ನೀವು ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುವುದುಂಟು. ಶತಮಾನ ಯಾವುದೆಂದು ಓದುವವರಿಗೆ ಗೊತ್ತಿರುತ್ತದೆ. ಆದರೆ ಕಂಪ್ಯೂಟರಿಗೆ ನಾವು ಹೇಳಿದಷ್ಟೇ ಗೊತ್ತು. ಈ ಸಣ್ಣ ಸಂಗತಿಯೇ 1999ರಲ್ಲಿ ಜಗತ್ತನ್ನು ಆತಂಕಕ್ಕೆ ದೂಡಿತ್ತು. ಅದಕ್ಕೆ 'ವೈಟುಕೆ' ಎಂಬ ಹೆಸರು ಬಿದ್ದಿತು.

1950 ಮತ್ತು 60ರ ದಶಕಗಳಲ್ಲಿ ಮಾಹಿತಿಯನ್ನು ತೂತು ಕೊರೆದ ಕಾರ್ಡುಗಳಲ್ಲಿ ತುಂಬುತ್ತಿದ್ದರು. ಐಬಿಎಂ ಕಾರ್ಡಿನಲ್ಲಿ 80 ಅಕ್ಷರಗಳಿಗೆ ಮಾತ್ರ ಜಾಗ. ಹೆಸರು, ಸಂಬಳ, ಜನ್ಮದಿನಾಂಕ ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಮೆಮೊರಿಯೂ ಬಹಳ ದುಬಾರಿ. ಹೀಗಾಗಿ 1965ನ್ನು 65 ಎಂದಷ್ಟೇ ಬರೆದರು. ಆ ಕಾಲಕ್ಕೆ ಅದು ಜಾಣತನವೇ ಆಗಿತ್ತು. ಆದರೆ ಬ್ಯಾಂಕು, ವಿಮೆ, ಪಿಂಚಣಿಯ ಲೆಕ್ಕಕ್ಕಾಗಿ ಕೋಬಾಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ದಶಕಗಟ್ಟಲೆ ಬಳಕೆಯಲ್ಲೇ ಉಳಿದವು. ಅಮೆರಿಕದ ಕಂಪ್ಯೂಟರ್ ತಜ್ಞ ಬಾಬ್ ಬೇಮರ್ 1971ರಲ್ಲೇ ಎಚ್ಚರಿಸಿದ್ದರು. ಕಿವಿಗೊಟ್ಟವರು ಕಡಿಮೆ.

ನೀವೇ ಲೆಕ್ಕ ಹಾಕಿ ನೋಡಿ. 1965ರಲ್ಲಿ ಹುಟ್ಟಿದವರಿಗೆ 1999ರಲ್ಲಿ ವಯಸ್ಸೆಷ್ಟು? 99ರಲ್ಲಿ 65 ಕಳೆದರೆ 34, ಸರಿ. ಮರುವರ್ಷ 00ಯಲ್ಲಿ 65 ಕಳೆದರೆ? ಮೈನಸ್ 65! ಇಂತಹ ತಪ್ಪುಗಳನ್ನು ಸಾಲು ಸಾಲಾಗಿ ಹುಡುಕಿ ತಿದ್ದಬೇಕಾಯಿತು. ಈ ಕೆಲಸದಲ್ಲಿ ಬೆಂಗಳೂರಿನ ಕಂಪನಿಗಳಿಗೂ ದೊಡ್ಡ ಪಾಲು ದೊರೆಯಿತು. ಭಾರತದ ಸಾಫ್ಟ್‌ವೇರ್ ಉದ್ಯಮ ವಿದೇಶಗಳಲ್ಲಿ ಹೆಸರು ಮಾಡಲು ಇದೂ ಒಂದು ಕಾರಣ.

2000ದ ಜನವರಿ 1 ಹೆಚ್ಚಿನ ಅನಾಹುತವಿಲ್ಲದೆ ಕಳೆಯಿತು. "ಅದೆಲ್ಲ ಬರೀ ಗುಲ್ಲು" ಎಂದವರು ಬಹಳ. ಆದರೆ ತಿದ್ದದೆ ಉಳಿದ ಕಡೆ ಏನಾಯಿತೆಂದು ನೋಡಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಗರ್ಭಿಣಿಯರ ಡೌನ್ ಸಿಂಡ್ರೋಮ್ ಪರೀಕ್ಷೆಯ ಕಂಪ್ಯೂಟರ್ ತಾಯಿಯ ವಯಸ್ಸನ್ನು ತಪ್ಪಾಗಿ ಎಣಿಸಿತು. 150ಕ್ಕೂ ಹೆಚ್ಚು ಮಹಿಳೆಯರಿಗೆ ತಪ್ಪು ವರದಿ ಹೋಯಿತು. ಅವರಿಗೆ ತಿಳಿಯಬೇಕಾದದ್ದು ಸಕಾಲದಲ್ಲಿ ತಿಳಿಯಲಿಲ್ಲ. ಬೇರೆಡೆ ಏನೂ ಆಗದಿದ್ದುದು ಅದೃಷ್ಟದಿಂದಲ್ಲ, ಬಹುಮಟ್ಟಿಗೆ ಸಾವಿರಾರು ಜನರ ದುಡಿಮೆಯಿಂದ.

ಇಂಥದೇ ಇನ್ನೊಂದು ತಾರೀಖು ಮುಂದಿದೆ. ಹಲವು ಹಳೆಯ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಿವೆ. 32 ಬಿಟ್‌ಗಳ ಆ ಎಣಿಕೆ 214,74,83,647ಕ್ಕೆ ತುಂಬಿಬಿಡುತ್ತದೆ. ನಮ್ಮ ಸಮಯದಂತೆ ಅದು 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಪರಿಹಾರವೂ ತಿಳಿದಿದೆ: 64 ಬಿಟ್‌ಗಳ ಎಣಿಕೆ. ಹಳೆಯ ಯಂತ್ರಗಳನ್ನು ಹುಡುಕಿ ಬದಲಾಯಿಸುವವರು ಮಾತ್ರ ಬೇಕು. ಇಂದು ಬೆಂಚಿನ ಮೇಲೆ ಕುಳಿತಿರುವ ನೀವು ಆಗ ಆ ಕೆಲಸದಲ್ಲಿರಬಹುದು. ಅನಾಹುತ ತಪ್ಪಿಸಿದವರಿಗೆ ಚಪ್ಪಾಳೆ ಸಿಗುವುದು ಅಪರೂಪ. ಆದರೂ ಆ ಕೆಲಸ ಮಾಡಿ.